ಅಂದಿರಲಾರಳು

ಆ ಊರಿನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಮುಗಿದಿದ್ದರೆ ಅಂಗಡಿಯವನು "ಇರ್ಲಿಕ್ಕಿಲ್ಲ" ಎನ್ನುತ್ತಾನೆ. ಖಾಲಿ ಡಬ್ಬ ಅವನ ಕೈಯಲ್ಲೇ ಇರುತ್ತದೆ. ಸರಿಯಾಗಿ ನೋಡಿ ಎಂದರೆ ಡಬ್ಬವನ್ನು ಬೋರಲು ಹಾಕಿ, ತಳ ಬಡಿದು, "ನೋಡ್ದೆನಮ್ಮ, ಇರ್ಲಿಕ್ಕಿಲ್ಲ" ಎನ್ನುತ್ತಾನೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಬಾರದ ಹುಡುಗಿಯ ಹೆಸರಿಗೆ ಉಳಿದವರೆಲ್ಲ "ಬಂದಿರ್ಲಿಕ್ಕಿಲ್ಲ ಮಿಸ್" ಎಂದು ರಾಗ ಎಳೆಯುತ್ತಾರೆ. ಮದುವೆಯಾಗಿ ಹೋದ ಮೊದಲ ವಾರ ಇದನ್ನು ಆ ಊರಿನವರ ಮರ್ಯಾದೆ ಎಂದುಕೊಂಡಿದ್ದೆ.

ಮರ್ಯಾದೆಯಲ್ಲ ಎಂದು ತಿಳಿದದ್ದು ಯಜಮಾನ ಬೋರಲಿಂಗಪ್ಪನವರ ಮನೆಗೆ ಊಟಕ್ಕೆ ಹೋದಾಗ. ಊರಿನ ನ್ಯಾಯ ಪಂಚಾಯಿತಿಯೆಲ್ಲ ಅವರದೇ. ಒಂದು ಗಂಟೆಗೆ ಅಲಾರಂ ಹೊಡೆಯಿತು. ಅವರು ಎದ್ದು ಕೈತೊಳೆದು ಎಲೆಯ ಮುಂದೆ ಕೂತರು. ಅವರು ಹೊಸದಾಗಿ ಮದುವೆಯಾಗಿದ್ದಾಗ ತಮ್ಮ ಅತ್ತೆಯ ಮನೆಯಲ್ಲಿ ಎರಡನೇ ಸಲ ಬಡಿಸಲು ಬಂದರಂತೆ. ಇವರು ಸಂಕೋಚಕ್ಕೆ, ಬಾಯಿ ತಪ್ಪಿ, "ನಂಗೆ ಹಸಿವಿಲ್ಲ" ಎಂದರಂತೆ. ಆಮೇಲೆ ನಲವತ್ತೊಂದು ವರ್ಷ ಅವರಿಗೆ ಹಸಿವಾಗಿಲ್ಲ. "ರುಚಿ ತಿಳಿಯುತ್ತಮ್ಮ. ಬೇಕು ಅನ್ನೋದು ಮಾತ್ರ ಇರ್ಲಿಕ್ಕಿಲ್ಲ," ಎಂದರು. ಅವರ ಹೆಂಡತಿ ಅನ್ನ ಬಡಿಸುತ್ತಾ, "ನಾನು ಏನು ಅಟ್ಟು ಹಾಕಿದ್ರೂ ಒಂದೇ ಇವರಿಗೆ. ಗಡಿಯಾರ ಕಟ್ಕೊಂಡಂಗಾಯ್ತು ನನ್ನ ಬಾಳು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಲ್ಲಿ ಯಾವುದನ್ನು ಇಲ್ಲ ಎಂದರೂ ಅದು ಇಲ್ಲವಾಗುತ್ತದೆ. ಬರೆದರೆ ಏನೂ ಆಗುವುದಿಲ್ಲ. ಬಾಯಿಂದ ಬಂದರೆ ಮಾತ್ರ.

ನನ್ನ ಗಂಡನ ಹೆಸರು ಚೆಲುವರಾಜ. ಸೀಮೆಎಣ್ಣೆ ಸ್ಟವ್ ರಿಪೇರಿ ಅವನ ಕೆಲಸ. ಹೇಳಿದ ದಿನಕ್ಕೆ ಒಂದು ಸ್ಟವ್ವನ್ನೂ ಕೊಟ್ಟವನಲ್ಲ. ಬೆಳಗಾದರೆ ಯಾರಾದರೂ ಒಬ್ಬರು ಬಂದು ಬಾಗಿಲು ಬಡಿಯುತ್ತಿದ್ದರು. ಅವನು ಹಿತ್ತಿಲಿಗೋ ಬಚ್ಚಲಿಗೋ ಸೇರಿಕೊಳ್ಳುತ್ತಿದ್ದ. ಅತ್ತೆ ದೇವೀರಮ್ಮ ಬಾಗಿಲಲ್ಲಿ ನಿಂತು, "ಮನೇಲಿ ಇರ್ಲಿಕ್ಕಿಲ್ಲ, ನಾಳೆ ಬನ್ನಿ" ಎನ್ನುತ್ತಿದ್ದರು. ಬಂದವರಿಗೂ ಅವನು ಒಳಗೇ ಇದ್ದಾನೆ ಎಂದು ಗೊತ್ತಿರುತ್ತಿತ್ತು. "ಇರ್ಲಿಕ್ಕಿಲ್ಲದವನ ಚಪ್ಪಲಿ ಇಲ್ಲೇ ಐತಲ್ಲ ದೇವೀರಮ್ಮ," ಎಂದು ಕುಟುಕಿ ಹೋಗುತ್ತಿದ್ದರು.

ಮದುವೆಯಾದ ನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ನಾನು ಅಡುಗೆಮನೆಯಲ್ಲಿದ್ದೆ. ಸ್ಟವ್ ಬುಸುಗುಡುತ್ತಿತ್ತು. ಅವನು ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಬಾಗಿಲು ಬಡಿದ ಸದ್ದಾಯಿತು. ಬಚ್ಚಲಿನಿಂದ ಅವನು ಏನೋ ಹೇಳಿದ. ಮತ್ತೆ ಬಡಿದರು. ಮೂರನೇ ಸಲ ಬಡಿದಾಗ ನಾನು ಕೈಯಲ್ಲಿದ್ದ ಹಿಟ್ಟನ್ನು ಬಿಡದೆ, ಅಲ್ಲಿಂದಲೇ, "ಅವರು ಇಲ್ಲ" ಎಂದು ಕೂಗಿದೆ.

ನಿಯಮ ಗೊತ್ತಿತ್ತು. ಮರೆತಿದ್ದೆ ಎನ್ನಲೂ ಆಗುವುದಿಲ್ಲ. ಇಪ್ಪತ್ತಾರು ವರ್ಷ ಬೇರೆ ಕಡೆ ಬೆಳೆದ ಬಾಯಿ ಅದು.

ಬಚ್ಚಲಲ್ಲಿ ನಲ್ಲಿ ಸುರಿಯುತ್ತಿತ್ತು. ಬಕೆಟ್ಟು ತುಂಬಿ ನೀರು ಹರಿದುಹೋಗುತ್ತಿತ್ತು. ಬ್ರಷ್ಷಿನ ಮೇಲೆ ನೊರೆ ಇತ್ತು. ನಾನು ನಲ್ಲಿ ನಿಲ್ಲಿಸಿದೆ. ನೊರೆ ಒಣಗುವವರೆಗೂ ಅಲ್ಲೇ ನಿಂತಿದ್ದೆನಂತೆ. ಗಿರಣಿಯಿಂದ ಬಂದ ಅತ್ತೆ ಕೈಹಿಡಿದು ಹೊರಗೆ ಕರೆದುಕೊಂಡು ಬಂದರು. ಯಾರು ಏನಂದರು ಎಂದು ಅವರು ಕೇಳಲಿಲ್ಲ.

ಮನುಷ್ಯರ ವಿಷಯದಲ್ಲಿ ಆ ಊರಿನಲ್ಲಿ ಹಿಂದೆ ಹೀಗಾದದ್ದು ಒಂದೇ ಸಲ. ಒಬ್ಬ ತಂದೆ ಸಿಟ್ಟಿನಲ್ಲಿ, ನನಗೆ ಮಗನೇ ಇಲ್ಲ, ಎಂದಿದ್ದನಂತೆ. ಆಗಿನಿಂದ ಒಂದು ಕಟ್ಟಳೆ ಇದೆ. ಮನುಷ್ಯರ ಮೇಲೆ ಆ ಮಾತು ಆಡಿದವರು ಊರು ಬಿಡಬೇಕು. ಅದನ್ನು ಒಂದು ವರ್ಷ ಕಳೆದ ಮೇಲೆ ಚಾವಡಿಯಲ್ಲಿ ವಿಚಾರಿಸುತ್ತಾರೆ. ಮನೆಯ ಹಿರಿಯರು ಎದ್ದು ನಿಂತು, ನಮ್ಮವರು ಅಂದಿರಲಾರರು, ಎಂದು ಮೂರು ಸಲ ಹೇಳಿದರೆ ವಿಚಾರಣೆ ಮುಗಿಯಿತು. ಯಾರೂ ಹೋಗಬೇಕಿಲ್ಲ. ಹೇಳದಿದ್ದರೆ ಅದೇ ದಿನದ ಬಸ್ಸು.

ಅವತ್ತು ಬಾಗಿಲು ಬಡಿದವರು ಪಕ್ಕದ ಬೀದಿಯ ಪುಟ್ಟಗೌರಮ್ಮ. ತಮ್ಮ ಸ್ಟವ್ ಕೇಳಲು ಬಂದಿದ್ದರು. ಊರೆಲ್ಲ ಅವರನ್ನು ಕೇಳಿತು. "ಹೆಣ್ಣು ದನಿ. ಸ್ಟವ್ ಸದ್ದಿನಲ್ಲಿ ಯಾರದೂಂತ ತಿಳಿದಿರ್ಲಿಕ್ಕಿಲ್ಲ ನಂಗೆ," ಎಂದರು. ಆ ಹೊತ್ತಿನಲ್ಲಿ ಆ ಮನೆಯಲ್ಲಿ ಇದ್ದ ಹೆಣ್ಣು ನಾನೊಬ್ಬಳೇ. ಊರಿನವರು ಅವರ ಮಾತನ್ನು ಹಾಗೇ ಒಪ್ಪಿಕೊಂಡರು. ನನ್ನನ್ನು ಯಾರೂ ವಿಧವೆ ಎನ್ನಲಿಲ್ಲ. ಹಾಗೆಂದರೆ ಅವನು ಇಲ್ಲ ಎಂದ ಹಾಗೆ. "ಗಂಡ ಇರ್ಲಿಕ್ಕಿಲ್ಲದ ಹುಡುಗಿ" ಎನ್ನುತ್ತಿದ್ದರು. ಅತ್ತೆಯೂ ನಾನೂ ಒಂದೇ ಕೋಣೆಯಲ್ಲಿ ಮಲಗತೊಡಗಿದೆವು. ಅಮ್ಮ ಎರಡು ಸಲ ಕರೆಯಲು ಬಂದಳು. ನಾನು ಹೋಗಲಿಲ್ಲ. ನನ್ನ ತವರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಾಲಿಲ್ಲ, ಕರೆಂಟಿಲ್ಲ, ಅಪ್ಪ ಇಲ್ಲ, ಪೇಪರ್ ಬಂದಿಲ್ಲ ಎನ್ನುತ್ತಲೇ ಇರುತ್ತಾರೆ. ಅಲ್ಲಿ ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತು. ಆದರೂ ಆ ಮಾತು ಬಿದ್ದಾಗಲೆಲ್ಲ ನಾನು ಬಚ್ಚಲಿನ ಕಡೆ ತಿರುಗಿ ನೋಡುತ್ತೇನೆ ಎನ್ನುವುದೂ ಗೊತ್ತಿತ್ತು. ಮಾತಿಗೆ ಹೆದರುವ ಜನರ ನಡುವೆ ಇರುವುದೇ ನನಗೆ ಸಾಕಿತ್ತು.

ಅವನು ಹೋದ ಎಂಟನೇ ತಿಂಗಳಲ್ಲಿ ಬೋರಲಿಂಗಪ್ಪನವರು ಮನೆಗೆ ಬಂದರು. ಬೆಟ್ಟದ ಆಚೆ ರಸ್ತೆ ತೆಗೆಯುವುದಕ್ಕೆ ಅಳತೆಯವರು ಬರುತ್ತಾರಂತೆ, ಅವರಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಮಾತು ಬರುವುದಿಲ್ಲವಂತೆ. "ನೀವು ಅದನ್ನೇ ಎಂ.ಎ. ಓದಿದೋರು. ಅವರು ಇರ್ಲಿಕ್ಕಿಲ್ಲ ಅನ್ನೋದಕ್ಕೆ ಏನಂತಾರೆ, ಅದು ಎಷ್ಟು ಗಟ್ಟಿ, ಇದು ನಮಗೆ ತಿಳೀಬೇಕು ಟೀಚರಮ್ಮ. ಊರು ನೋಡ್ಕೊಂಡು ಸುಮ್ಮನೆ ಬಾಯಿಗೆ ಬಂದಿದ್ದು ಅಂದ್ರೆ ಏನು ಗತಿ?"

ಹಾಗೆ ನಾನು ಪಾಠ ಹೇಳುತ್ತಿದ್ದ ಶಾಲೆಯ ಒಂದು ಕೋಣೆಯಲ್ಲಿ, ಸಂಜೆ ನಾಲ್ಕೂವರೆಗೆ, ತರಗತಿ ಶುರುವಾಯಿತು. ಏಳು ಜನ ಬಂದರು. ಮುಂದಿನ ಬೆಂಚಿನಲ್ಲಿ ಟೀ ಅಂಗಡಿ ಮರಿಸ್ವಾಮಿ. ಕಿಟಕಿಯ ಪಕ್ಕ ಅತ್ತೆ, ಕೈಯಲ್ಲಿ ಇನ್ನೂರು ಪುಟದ ನೋಟ್ ಬುಕ್ಕು.

ವಿಶ್ವವಿದ್ಯಾಲಯದಲ್ಲಿ ಇದನ್ನು ಒಂದು ಪತ್ರಿಕೆಯಾಗಿ ಓದಿದ್ದೆ. ಇಂಗ್ಲಿಷಿನವರು ಸಂಶಯಕ್ಕೆ ಮೆಟ್ಟಿಲು ಕಟ್ಟಿಕೊಂಡಿದ್ದಾರೆ. ಮೈಟ್ ನಾಟ್ ಎಂದರೆ ಇಲ್ಲದೆಯೂ ಇರಬಹುದು, ಇದ್ದರೂ ಇರಬಹುದು. ಮೇ ನಾಟ್ ಸ್ವಲ್ಪ ಗಟ್ಟಿ. ಕುಡಂಟ್ ಇನ್ನೂ ಗಟ್ಟಿ. ಕಾಂಟ್ ಎಂದರೆ ಮುಕ್ಕಾಲು ಬಾಗಿಲು ಮುಚ್ಚಿದ ಹಾಗೆ: ನನ್ನ ಕಣ್ಣಿಗೆ ಕಂಡಿಲ್ಲ, ಆದರೆ ಇರಲು ಸಾಧ್ಯವಿಲ್ಲ. ಮಸ್ಟ್ ಬಿ ಎಂದರೆ ಇರಲೇಬೇಕು ಎಂದು ಬರೆದಾಗ ಮರಿಸ್ವಾಮಿ ಕೈಯೆತ್ತಿದ. "ಹಂಗಾದ್ರೆ ಮಸ್ಟ್ ನಾಟ್ ಅಂದ್ರೆ ಇರಲಾರದು ಅಂತ ತಾನೆ ಟೀಚರಮ್ಮ?"

"ಸರಿ ಇರ್ಲಿಕ್ಕಿಲ್ಲ," ಎಂದೆ. ತಪ್ಪು ತಿದ್ದುವಾಗ ನಾನೂ ಹಾಗೇ ಹೇಳುತ್ತಿದ್ದೆ. "ಮಸ್ಟ್ ನಾಟ್ ಅಂದರೆ ಕೂಡದು. ಸಂಶಯದಲ್ಲಿ ಮಸ್ಟ್‌ಗೆ ಎದುರು ನಿಲ್ಲೋದು ಕಾಂಟ್."

"ಗಂಡನ ಎದುರಿಗೆ ಹೆಂಡತಿ ಬದಲು ಅತ್ತೆ ನಿಂತಂಗೆ," ಎಂದ ಮರಿಸ್ವಾಮಿ. ಅತ್ತೆ, "ನಿನ್ನ ಮನೆ ಸುದ್ದಿ ಇಲ್ಲಿ ಬೇಡ, ಬರ್ಕೋ," ಎಂದರು.

ಮಾತಿನ ಗಟ್ಟಿತನ ನೋಡಲು ಅವರು ಮೇಜಿನ ಮೇಲೆ ಈರುಳ್ಳಿ ಇಟ್ಟರು. ಒಬ್ಬೊಬ್ಬರಾಗಿ ಬಂದು ಅದರ ಮುಂದೆ ನಿಂತು ಹೇಳಿದರು. ಮೈಟ್ ನಾಟ್ ಬಿ ಆ್ಯನ್ ಆನಿಯನ್. ಈರುಳ್ಳಿ ಹಾಗೇ ಇತ್ತು. ಮೇ ನಾಟ್‌ಗೆ ಒಂದು ಸಿಪ್ಪೆ ಸುರುಳಿಕೊಂಡು ಬಿತ್ತು. ಅದು ಗಾಳಿಗೂ ಇರಬಹುದು ಎಂದು ವಾದವಾಯಿತು. ಕಾಂಟ್ ಬಿ ಎಂದು ಅತ್ತೆ ಹೇಳಿದ ಮೇಲೆ ಕೊಯ್ದು ನೋಡಿದರೆ ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಘಾಟು ಹೋಗಿತ್ತು. ಮೂರು ಸಲ ಹೇಳಿದ ಈರುಳ್ಳಿಯನ್ನು ಎತ್ತಿದರೆ ಬೆರಳಿಗೆ ಏನೂ ತಾಗಲಿಲ್ಲ.

ನಡೆದುಹೋದದ್ದಕ್ಕೆ ಕಾಂಟ್ ಹ್ಯಾವ್ ಎಂದು ಕಲಿಸಿದ ದಿನ ಮರಿಸ್ವಾಮಿ ಎದ್ದುನಿಂತು, ನಾನು ಬೆಳಿಗ್ಗೆ ಕಾಫಿ ಕುಡಿದಿರಲಾರೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿದ. ಹೇಳಿ ನಾಲಿಗೆಯಿಂದ ತುಟಿ ಸವರಿ ನೋಡಿಕೊಂಡ. "ಏನಾಯ್ತೋ?" ಎಂದು ಕೇಳಿದರು. "ಕುಡಿದಿದ್ದು ಗೊತ್ತು. ಬಿಸಿ ಇತ್ತಾ, ಸಕ್ಕರೆ ಇತ್ತಾ, ಅದು ಮಾತ್ರ ಹೋಯ್ತು," ಎಂದ. ಕಾಫಿ ಕೊಟ್ಟ ಅವನ ಹೆಂಡತಿಯನ್ನು ಕರೆಸಿ ಕೇಳಿದರು. ಅವಳಿಗೂ ಅಷ್ಟೇ ನೆನಪಿತ್ತು. ಅತ್ತೆ ಇದನ್ನು ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದರು.

ಅಳತೆಯವರು ಬಂದು ಮೂರು ದಿನ ಇದ್ದು ಹೋದರು. ಮೃದುವಾಗಿ ಮಾತಾಡುವ ಜನ; ನೋ ಎನ್ನುವ ಮಾತನ್ನು ಅವರ ಬಾಯಲ್ಲಿ ಒಂದು ಸಲವೂ ಕೇಳಲಿಲ್ಲ. ಒಬ್ಬಾತ ಕಾಲುಸೇತುವೆಯ ಮೇಲೆ ನಿಂತು ಕೆಳಗೆ ನೋಡಿ, ಇದು ಭದ್ರವಾಗಿರಲಾರದು ಎನ್ನುವ ಅರ್ಥದಲ್ಲಿ ಕಾಂಟ್ ಬಿ ಸೇಫ್ ಎಂದ. ಹಿಂದಿದ್ದ ನಮ್ಮ ತರಗತಿಯ ಏಳೂ ಜನ ಒಟ್ಟಿಗೆ ದಡಕ್ಕೆ ಓಡಿದರು. ಸೇತುವೆಯನ್ನು ಮಾರನೇ ದಿನ ಮುಚ್ಚಿದರು. ಅದು ಮೊದಲೇ ಹಾಗಿತ್ತೋ, ಅವನ ಮಾತಿನಿಂದ ಹಾಗಾಯಿತೋ ಎಂದು ಈಗಲೂ ಚರ್ಚೆ ಇದೆ.

ಅಳತೆಯವರು ಹೋದ ಮೇಲೆ ತರಗತಿ ನಿಂತಿತು. ಅತ್ತೆ ಮಾತ್ರ ಬಿಡಲಿಲ್ಲ. ವಿಚಾರಣೆಗೆ ಹದಿನೈದು ದಿನ ಇತ್ತು. ಮಧ್ಯಾಹ್ನ ಅಕ್ಕಿ ಆರಿಸುತ್ತಾ, "ಆ ಕಾಂಟ್ ಹ್ಯಾವ್ ಇನ್ನೊಂದು ಸಲ ಹೇಳ್ಕೊಡು. ಶೀ ಹಾಕಿ," ಎಂದರು.

ಹೇಳಿಕೊಟ್ಟೆ. ಶೀ ಕಾಂಟ್ ಹ್ಯಾವ್ ಸೆಡ್ ಇಟ್. ಅವಳು ಅದನ್ನು ಅಂದಿರಲಾರಳು ಎಂದು. ಅವರ ನಾಲಿಗೆಗೆ ಸೆಡ್ ಸಿಗಲು ನಾಲ್ಕು ದಿನ ಬೇಕಾಯಿತು.

"ಚಾವಡೀಲಿ ನಮ್ಮ ಮಾತಲ್ಲೇ ಹೇಳಬಹುದಲ್ಲ ಅತ್ತೆ," ಎಂದೆ.

ಅವರು ಮೊರದಿಂದ ಕಲ್ಲೊಂದನ್ನು ಹೆಕ್ಕಿ ಹೊರಗೆ ಎಸೆದರು. "ನಮ್ಮ ಮಾತಲ್ಲಿ ಸುಳ್ಳು ಹೇಳಿದ್ರೆ ನನ್ನ ಬಾಯಿಗೇ ತಿಳೀತದೆ ಮೇದಿನಿ. ಆ ಭಾಷೇಲಿ ನಂಗಿನ್ನೂ ನಾಚಿಕೆ ಬಂದಿರ್ಲಿಕ್ಕಿಲ್ಲ."

ಹಾಗಾದರೆ ಅವರಿಗೆ ಗೊತ್ತಿತ್ತು. ಇಬ್ಬರೂ ಅಕ್ಕಿ ಆರಿಸಿ ಮುಗಿಸಿದೆವು. ಆ ಸಂಜೆ ಅವರು ನನ್ನ ತಟ್ಟೆಗೆ ಎಂದಿನಂತೆ ತುಪ್ಪ ಹಾಕಿದರು.

ಕಾಂಟ್ ಹ್ಯಾವ್ ಎಂದರೆ ಏನಾಗುತ್ತದೆ ಎಂದು ನನಗೆ ತಿಳಿಯದೆ ಇರಲಿಲ್ಲ. ಮರಿಸ್ವಾಮಿಯ ಕಾಫಿಯಂತೆ ಆ ಬೆಳಗೂ ಸವೆಯುತ್ತದೆ. ಸವೆಯಲಿ ಎಂದುಕೊಂಡೆ. ಒಂದು ವರ್ಷದಿಂದ ಅದನ್ನು ಹೊತ್ತಿದ್ದೆ. ಅದು ಹೋಗಿ, ಅತ್ತೆಯೂ ಮನೆಯೂ ಉಳಿದರೆ ನನಗೆ ಮತ್ತೇನೂ ಬೇಕಿರಲಿಲ್ಲ.

ಚಾವಡಿಯಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಹನ್ನೊಂದು ಗಂಟೆ. ಬೋರಲಿಂಗಪ್ಪನವರು ಜಮಖಾನದ ಮೇಲೆ ಕೂತು, ಪುಸ್ತಕ ತೆರೆದು, "ದೇವೀರಮ್ಮ, ಹೋದ ವರ್ಷ ಇದೇ ದಿನ ನಿಮ್ಮನೇಲಿ ಒಂದು ಮಾತು ಬಂದು ಚೆಲುವರಾಜ ಹೋದ. ಮನೆ ಮಾತು ಏನು?" ಎಂದರು.

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ನನ್ನ ಕಡೆ ನೋಡಲಿಲ್ಲ. "ಶೀ ಕಾಂಟ್ ಹ್ಯಾವ್ ಸೆಡ್ ಇಟ್," ಎಂದರು.

ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಇಂಗ್ಲಿಷಲ್ಲಿ ನಡೀತದಾ?" ಎಂದು ಯಾರೋ ಕೇಳಿದರು. ಮರಿಸ್ವಾಮಿ ಎದ್ದು, "ಗಟ್ಟಿಯಾಗೇ ಐತೆ ಯಜಮಾನ್ರೆ. ಗ್ರಾಮರೂ ಸರಿಯಾಗೈತೆ," ಎಂದ. ಬೋರಲಿಂಗಪ್ಪನವರು ತಲೆಯಾಡಿಸಿ ಪುಸ್ತಕದಲ್ಲಿ ಒಂದು ಗೆರೆ ಹಾಕಿದರು.

ನಾನು ಆ ಬೆಳಗಿನೊಳಗೆ ಹೋಗಿ ನೋಡಿದೆ. ಸ್ಟವ್ ಉರಿಯುತ್ತಿತ್ತು, ಅದರ ಸದ್ದಿರಲಿಲ್ಲ. ಗಡ್ಡದ ಸಾಬೂನಿನ ವಾಸನೆ ಇರಲಿಲ್ಲ. ಅಂಗೈಯಲ್ಲಿ ಹಿಟ್ಟಿತ್ತು, ಅದರ ಅಂಟು ಇರಲಿಲ್ಲ. ಹಗುರ ಎನ್ನಿಸಿತು. ಇಷ್ಟೇ ತಾನೆ ಎಂದುಕೊಂಡೆ.

"ಶೀ ಕಾಂಟ್ ಹ್ಯಾವ್ ಸೆಡ್ ಇಟ್," ಎಂದು ಅತ್ತೆ ಎರಡನೇ ಸಲ ಹೇಳಿದರು. ಈ ಸಲ ಸ್ಪಷ್ಟವಾಗಿ, ಕಲಿಸಿದ ಹಾಗೇ.

ಬಚ್ಚಲಿನಿಂದ ಅವನು ಹೇಳಿದ ಮಾತು ಇತ್ತು. ಕಾಗದದ ಮೇಲೆ ಬರೆದಿಟ್ಟ ಹಾಗೆ ಇತ್ತು. ಓದಬಹುದಿತ್ತು, ಕೇಳುತ್ತಿರಲಿಲ್ಲ. ದನಿ ಹೋಗಿತ್ತು. ಬೇರೆ ದಿನಗಳ ಅವನ ದನಿ ಇತ್ತು. ಸಂತೆಯಿಂದ ಬಂದು ಕರೆದದ್ದು, ನಕ್ಕದ್ದು, ಎಲ್ಲ ಇತ್ತು. ಆ ಬೆಳಗಿನದು, ಕೊನೆಯದು, ಮಾತ್ರ ಇರಲಿಲ್ಲ. ಇನ್ನೊಂದು ಸಲ ಹೇಳಿದರೆ ಮಾತೂ ಹೋಗುತ್ತದೆ. ಆಮೇಲೆ ಅವನು ಕೊನೆಗೆ ಏನನ್ನೂ ಹೇಳದೆ ಹೋದವನಾಗುತ್ತಾನೆ. ನಾನು ಏನನ್ನೂ ಮಾಡದೆ ಉಳಿದವಳಾಗುತ್ತೇನೆ. ಅತ್ತೆಯ ಮನೆಯಲ್ಲಿ, ಅತ್ತೆಯ ತುಪ್ಪ ತಿನ್ನುತ್ತಾ.

ಅತ್ತೆ ಮೂರನೇ ಸಲಕ್ಕೆ ಉಸಿರೆಳೆದುಕೊಂಡರು.

"ಅಂದೆ," ಎಂದೆ. ನಾನು ಯಾವಾಗ ಎದ್ದು ನಿಂತೆನೋ ನೆನಪಿಲ್ಲ. "ಆ ಮಾತು ನಾನೇ ಅಂದೆ."

ಬೋರಲಿಂಗಪ್ಪನವರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. "ಟೀಚರಮ್ಮ, ಬಿಸಿಲಿಗೆ ನಿಮಗೆ ತಲೆ ಸುತ್ತಿರಬೇಕು. ಅಂದಿರ್ಲಿಕ್ಕಿಲ್ಲ ಅಂತ ಬರ್ಕೊಳ್ಳಲಾ?"

"ಬೇಡ ಯಜಮಾನ್ರೆ. ಅಂದೆ."

ಪುಟ್ಟಗೌರಮ್ಮ ಗೋಡೆಯ ಕಡೆ ತಿರುಗಿ ಕೂತರು. ಬೋರಲಿಂಗಪ್ಪನವರು ಬರೆದರು. ಬರೆದು ಮುಗಿಸಿ, ಪುಸ್ತಕದಿಂದ ತಲೆಯೆತ್ತದೆ, "ನಾಕು ಗಂಟೆ ಬಸ್ಸಿಗೆ ಜಾಗ ಹಿಡ್ಕೊಡು ಮರಿಸ್ವಾಮಿ. ಕಿಟಕಿ ಪಕ್ಕ," ಎಂದರು.

ಮನೆಗೆ ಬಂದು ಸೀರೆಗಳನ್ನು ಮಡಿಸಿದೆ. ಅತ್ತೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದರು ಎಂದು ಸದ್ದಿನಿಂದ ಗೊತ್ತಾಗುತ್ತಿತ್ತು. ಮೂರೂವರೆಗೆ ಬಂದು ಚೀಲದ ಒಂದು ಕಿವಿ ಹಿಡಿದರು. ಇನ್ನೊಂದನ್ನು ನಾನು ಹಿಡಿದೆ. ಹಾಗೇ ಬಸ್ ಸ್ಟ್ಯಾಂಡಿನವರೆಗೆ ನಡೆದೆವು. ಬಸ್ಸು ನಿಂತಿತ್ತು. ಮರಿಸ್ವಾಮಿ ಕಿಟಕಿಯ ಸೀಟಿನಲ್ಲಿ ಟವೆಲ್ ಹಾಕಿ ಕೆಳಗಿಳಿದು, ನಮ್ಮನ್ನು ನೋಡಿ, ದೂರ ಹೋಗಿ ನಿಂತ.

"ಯಾಕೆ ಎದ್ದೆ?" ಎಂದರು ಅತ್ತೆ. "ಇನ್ನೊಂದೇ ಸಲ ಇತ್ತು. ಎಷ್ಟು ದಿನ ಬಾಯಿಪಾಠ ಮಾಡಿದ್ದೆ ನಾನು."

"ಅವರ ಮಾತು ಹೋಗಿಬಿಡ್ತಿತ್ತು ಅತ್ತೆ."

"ಯಾವ ಮಾತು?"

ಒಂದು ವರ್ಷದಲ್ಲಿ ಅವರು ಇದನ್ನು ಕೇಳಿರಲಿಲ್ಲ. ಕೇಳಿದ್ದರೆ, ನಾನು ಏನಂದೆ ಎನ್ನುವುದನ್ನೂ ಅವರು ಕೇಳಿ ಇಟ್ಟುಕೊಳ್ಳಬೇಕಾಗುತ್ತಿತ್ತು. ಹೇಳಿದೆ. "ಬಾಗಿಲು ಬಡಿದಾಗ ಬಚ್ಚಲಿಂದ ಕೂಗಿ ಹೇಳಿದ್ರು. ಪುಟ್ಟಗೌರಮ್ಮ ಆಗಿದ್ರೆ ಇರ್ಲಿಕ್ಕಿಲ್ಲ ಅಂದ್ಬಿಡು ಕಣೇ, ಇನ್ನೂ ಒಂದು ಕೆನ್ನೆ ಬಾಕಿ ಐತೆ. ಅಷ್ಟೇ."

ಅತ್ತೆ ಬಸ್ಸಿನ ಚಕ್ರವನ್ನು ನೋಡುತ್ತಾ ನಿಂತರು. "ಸೋಮಾರಿ," ಎಂದರು. ಆಮೇಲೆ, "ಹೆಂಗೆ ಅಂದ? ಜೋರಾಗಾ? ನಗ್ತಾ ಅಂದ್ನಾ?"

"ದನಿ ಹೋಯ್ತು ಅತ್ತೆ. ಎರಡನೇ ಸಲ ನೀವು ಅಂದಾಗ."

ಅವರ ಮುಖ ಒಂದು ಕ್ಷಣ ಏನೂ ಆಗದ ಹಾಗೇ ಇತ್ತು. ಆಮೇಲೆ ಕೈಯಲ್ಲಿದ್ದ ಚೀಲವನ್ನು ನಿಧಾನವಾಗಿ ನೆಲಕ್ಕಿಟ್ಟರು. ಡ್ರೈವರ್ ಹತ್ತಿ ಕೂತ. ಕಂಡಕ್ಟರ್ ಹೊರಗಿನವನು, ಬಾಗಿಲಲ್ಲಿ ನಿಂತು, "ಟೈಮಿಲ್ಲ, ಹತ್ತಿ, ಹತ್ತಿ," ಎಂದ. ಸ್ಟ್ಯಾಂಡಿನ ಗಡಿಯಾರ ನಿಂತಿತು. ಮರಿಸ್ವಾಮಿ ಹೋಗಿ ಅವನ ಬಾಯಿಗೆ ಒಂದು ಟೀ ಹಿಡಿದ.

ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅತ್ತೆ ಚೀಲವನ್ನು ಕಿಟಕಿಯಿಂದ ಕೊಟ್ಟು, ಕಂಬಿ ಹಿಡಿದುಕೊಂಡು ನಿಂತರು. "ಗಡ್ಡ ಹೆರೆಯೋವಾಗ ಅವನು ಬಾಯನ್ನ ಒಂದು ಕಡೆಗೆ ಎಳ್ಕೋತಿದ್ದ," ಎಂದರು. "ಅವರಪ್ಪನೂ ಹಂಗೇ. ಅದಕ್ಕೇ ಮಾತು ಮೂಗಲ್ಲಿ ಬರ್ತಿತ್ತು." ಗದ್ದ ಮೇಲೆತ್ತಿ, ಬಾಯಿಯನ್ನು ಬಲಕ್ಕೆ ಎಳೆದುಕೊಂಡು, ಬಸ್ಸಿನ ಜನ ನೋಡುತ್ತಿರುವಾಗಲೇ, ಆ ಮಾತನ್ನು ಪೂರ್ತಿ ಹೇಳಿದರು. ಕೆನ್ನೆ ಎನ್ನುವ ಮಾತನ್ನು ಸ್ವಲ್ಪ ಎಳೆದರು. ಹೇಳಿ ನನ್ನನ್ನು ನೋಡಿದರು.

"ಹಿಂಗಿತ್ತಾ?"

ಎಂಜಿನ್ ಶುರುವಾಯಿತು. ಕಂಬಿಯ ಮೇಲಿದ್ದ ಅವರ ಕೈಯ ಮೇಲೆ ಕೈಯಿಟ್ಟೆ.

"ಹಿಂಗಿರ್ಲಿಕ್ಕಿಲ್ಲ ಅತ್ತೆ," ಎಂದೆ. "ಇನ್ನೊಂದು ಸಲ ಅನ್ನಿ."